ಸೋಮವಾರಕ್ಕೊಂದು ಕೊಡ ನೀರು

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಅವರವರ ಮನೆಯ ಹಿತ್ತಲಿನ ಗುಂಡಿ ಮಾತ್ರ ಚೆನ್ನಾಗಿ ನೆನಪಿರುತ್ತದೆ. ತಮಾಷೆಗೆ ಹೇಳುತ್ತಿಲ್ಲ. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಯಾರಾದರೂ ಎದುರು ನಿಂತು ಗುರುತು ಸಿಗಲಿಲ್ಲವೇ ಎಂದು ಕೇಳಿದರೆ ಮಾವ ಕಣ್ಣು ಕಿರಿದು ಮಾಡಿ ಒದ್ದಾಡುತ್ತಾರೆ. ಗಂಡಸಿ ಊರಿನ ಹುಣಸೆಮರದ ಪಕ್ಕದ ಮನೆಯವರು ಎಂಬ ಸುಳಿವು ಸಿಕ್ಕಿತೋ, ಮುಖ ಅರಳುತ್ತದೆ. "ಓ, ಜಿಐ ಪೈಪು, ಎಂಟಡಿ, ಕೆಳಗೆ ಕಪ್ಪು ಮಣ್ಣು. ಚೆನ್ನಾಗೈತಾ?" ಎನ್ನುತ್ತಾರೆ. ಕೇಳಿದ್ದು ಪೈಪಿನ ಯೋಗಕ್ಷೇಮ. ಎದುರಿಗಿದ್ದವರು ತಮ್ಮದೆಂದುಕೊಂಡು ಮಂಡಿನೋವಿನ ಕಥೆ ಶುರು ಮಾಡುತ್ತಾರೆ!

ಮಾವ ಹಳೇಬೀಡಿನಲ್ಲಿ ವೈರ್‌ಮನ್. ಬೇಲೂರಿನಿಂದ ಗಂಡಸಿಯವರೆಗೆ ಅವರು ವೈರಿಂಗ್ ಮಾಡಿದ ಮನೆಗಳಿವೆ. ಆದರೆ ಗೋಡೆಯ ಮೇಲಿನ ಸ್ವಿಚ್ಚು, ಬಲ್ಬುಗಳೆಲ್ಲ ಅವರ ದೃಷ್ಟಿಯಲ್ಲಿ ಮದುವೆಮನೆಯ ಮಾವಿನ ತೋರಣ ಇದ್ದ ಹಾಗೆ. ನಿಜವಾದ ಕಾರ್ಯ ನಡೆಯುವುದು ಹಿತ್ತಲಲ್ಲಿ, ನೆಲದ ಕೆಳಗೆ, ಅರ್ತಿಂಗ್ ಗುಂಡಿಯಲ್ಲಿ. "ಕರೆಂಟಿಗೆ ಭೂಮೀನೇ ತವರುಮನೆ ಕಣವ್ವ," ಎಂದು ನನಗೆ ಚಿಕ್ಕಂದಿನಲ್ಲೇ ಪಾಠ ಹೇಳಿದ್ದರು. "ಸಿಟ್ಟು ಬಂದಾಗ ಅದು ತವರಿಗೆ ಓಡಬೇಕು. ದಾರಿ ಇಲ್ದಿದ್ರೆ ಎದುರಿಗೆ ಸಿಕ್ಕಿದೋರ ಮೈಮೇಲೆ ಬೀಳ್ತದೆ." ಆ ದಾರಿ ಯಾವ ಲೋಹದ್ದಾಗಿರಬೇಕು, ಯಾವುದು ಮಣ್ಣಿನಲ್ಲಿ ಹೆಚ್ಚು ಕಾಲ ಬಾಳುತ್ತದೆ ಎಂಬುದೇ ಅವರ ಜೀವನದ ಏಕೈಕ ಪ್ರಶ್ನೆ.

ಇಂಥ ಮಾವನ ಜೊತೆ ಅವರ ಸ್ವಂತ ಅಕ್ಕ, ಅಂದರೆ ನಮ್ಮ ಅಮ್ಮ, ಒಂಬತ್ತು ವರ್ಷ ಮಾತು ಬಿಟ್ಟಿದ್ದಳು. ಕಾರಣ, ಒಂದು ತಾಮ್ರದ ಹಂಡೆ.

ಹಂಡೆ ಅಜ್ಜಿಯದು. ಹಳೇಬೀಡಿನ ಮನೆಯ ಬಚ್ಚಲಲ್ಲಿ, ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ್ದು. ಬೇಸಿಗೆ ರಜೆಗೆ ನಾವು ಹೋದಾಗ ಅಜ್ಜಿ ತೆಂಗಿನಮಟ್ಟೆ ತುರುಕಿ ನೀರು ಕಾಯಿಸುತ್ತಿದ್ದಳು. ಆ ಹೊಗೆಯ ವಾಸನೆ ನೀರಿಗೂ ಸೇರಿ, ಸ್ನಾನ ಮಾಡಿ ಬಂದ ಮೇಲೂ ಮೈಯಿಂದ ಹೋಗುತ್ತಿರಲಿಲ್ಲ. ಅಮ್ಮ ಹುಡುಗಿಯಾಗಿದ್ದಾಗ ಅದಕ್ಕೆ ದಿನಾ ಸಂಜೆ ನೀರು ತುಂಬುವುದು, ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವುದು ಅವಳದೇ ಪಾಲಿನ ಕೆಲಸ. ಹಂಡೆಯ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಜ್ಜಿಯ ಹೆಸರು ಹೊಡೆಸಿತ್ತು: ನಂಜಮ್ಮ. "ನನ್ನ ಕಾಲಾನಂತರ ಇದು ನಿನಗೇ" ಎಂದು ಅಜ್ಜಿ ಅಮ್ಮನಿಗೆ ಮಾತು ಕೊಟ್ಟಿದ್ದಳು. ಅಜ್ಜಿಯ ಕಾರ್ಯವೆಲ್ಲ ಮುಗಿದ ಮೇಲೆ ಅಮ್ಮ ಬಚ್ಚಲಿಗೆ ಹೋಗಿ ನೋಡುತ್ತಾಳೆ, ಒಲೆಯ ಮೇಲೆ ಬರೀ ದುಂಡನೆಯ ಮಸಿ!

ಹಂಡೆ ಎಲ್ಲಿ ಎಂದು ಕೇಳಿದಳು.

"ಐತೆ," ಎಂದರು ಮಾವ.

"ಎಲ್ಲೈತೆ?"

"ಭದ್ರವಾಗೈತೆ."

ಅಷ್ಟೇ. ಅಮ್ಮ ಅಟ್ಟ ಹತ್ತಿದಳು, ಕೊಬ್ಬರಿ ಕೋಣೆ ಹುಡುಕಿದಳು. ಸಿಕ್ಕಿದ್ದು ಒಂದು ಡಬ್ಬಿಯಲ್ಲಿ ನಾಲ್ಕು ಚೂರು ತಾಮ್ರ. ಅಲ್ಲಿಗೆ ತೀರ್ಪು ಹೊರಬಿತ್ತು: ಹಂಡೆಯನ್ನು ಕತ್ತರಿಸಿ ತನ್ನ ಹುಚ್ಚು ಪರೀಕ್ಷೆಗಳಿಗೆ ಮಣ್ಣುಪಾಲು ಮಾಡಿದ್ದಾನೆ. ಅಂದಿನಿಂದ ಅಮ್ಮ ತಮ್ಮನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಹಾಗೆಂದು ಮಾವ ಮನೆಗೆ ಬರುವುದೇನೂ ನಿಲ್ಲಲಿಲ್ಲ. ಎದುರಿಗೇ ಕೂತಿರುತ್ತಿದ್ದರು, ಅಮ್ಮ ನನ್ನ ಕಡೆ ತಿರುಗಿ, "ನಿಮ್ಮ ಮಾವನಿಗೆ ಹೇಳು, ಮುದ್ದೆ ಆರ್ತಾ ಐತೆ ಅಂತ" ಎನ್ನುತ್ತಿದ್ದಳು. ನಾನು ಒಂದು ಮೊಳ ದೂರಕ್ಕೆ ಆ ಸುದ್ದಿ ಸಾಗಿಸುತ್ತಿದ್ದೆ.

ಆ ವರ್ಷವೇ ನಾನು ಡೈರಿ ಬರೆಯಲು ಶುರು ಮಾಡಿದ್ದು. ಎಂಟನೇ ತರಗತಿ. ಏನನ್ನಾದರೂ ಎಣಿಸದಿದ್ದರೆ ನನಗೆ ನಿದ್ದೆ ಬಾರದು. ಹಾಗಾಗಿ ಸಂದೇಶಗಳಿಗೊಂದು ಅಂಕಣ ಎಳೆದೆ. ಈ ವರ್ಷದ ದೀಪಾವಳಿಯ ಹಿಂದಿನ ವಾರದವರೆಗೆ ಅಮ್ಮನಿಂದ ಮಾವನಿಗೆ ಇನ್ನೂರ ಹನ್ನೊಂದು, ಮಾವನಿಂದ ಅಮ್ಮನಿಗೆ ಅರವತ್ತನಾಲ್ಕು. ಆ ಅರವತ್ತನಾಲ್ಕರಲ್ಲಿ ನಲವತ್ತು ಸಲ ಅವರು ಹೇಳಿದ್ದು "ಹೂಂ ಅನ್ನು" ಎಂದಷ್ಟೇ!

ಅಕ್ಷರ ಚೆನ್ನಾಗಿದೆ ಎಂಬ ತಪ್ಪಿಗೆ ಮಾವನ ಸಂಶೋಧನೆಗೂ ನಾನೇ ಲೆಕ್ಕ ಬರೆಯುವವಳಾದೆ. ಅವರು ಮೂರು ಊರಲ್ಲಿ ಮೂರು ಥರದ ಮಣ್ಣಿನಲ್ಲಿ ಲೋಹದ ತುಂಡುಗಳನ್ನು ಹೂತಿಟ್ಟಿದ್ದಾರೆ. ನಮ್ಮ ಅರಸೀಕೆರೆಯ ತೆಂಗಿನ ತೋಟದಲ್ಲಿ ಒಂದು ಸಾಲು, ಗಂಡಸಿಯಲ್ಲಿ ಒಂದು, ಹಳೇಬೀಡಿನ ಕೆರೆಯ ಹತ್ತಿರದ ಅವರ ಸ್ವಂತ ಗದ್ದೆಯಲ್ಲಿ ಒಂದು. ಪ್ರತಿ ಜನವರಿಯ ಮೂರನೇ ಭಾನುವಾರ ಅಗೆದು ತೆಗೆಯುವುದು, ನೋಡುವುದು, ಮತ್ತೆ ಮುಚ್ಚುವುದು. ನಾನು ಪೆನ್ನು ಹಿಡಿದು ನಿಂತರೆ ಮಾವ ಡಾಕ್ಟರ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದು ಹೇಳುತ್ತಾರೆ. ಬರೀ ಕಬ್ಬಿಣ: "ಹಪ್ಪಳ ಅಂತ ಬರಕೋ." ಸತು ಬಳಿದ ಜಿಐ: "ಮೇಲಂಗಿ ಹರಿದೈತೆ, ಮೈ ಇನ್ನೂ ಮಾನವಾಗೈತೆ." ಅಲ್ಯೂಮಿನಿಯಂ: "ಇವನ ಹೆಸರು ಎತ್ತಬ್ಯಾಡ." ತಾಮ್ರ ಬಂದಾಗ ಮಾತ್ರ ಧ್ವನಿ ಮೆತ್ತಗಾಗುತ್ತದೆ. "ಕಿಲುಬು ಹಿಡಿದೈತೆ. ಆರೋಗ್ಯವಾಗೈತೆ."

ಇದೆಂಥ ನ್ಯಾಯ ಮಾವ, ಕಬ್ಬಿಣದ ತುಕ್ಕು ರೋಗವಾದರೆ ತಾಮ್ರದ ಕಿಲುಬು ಹೇಗೆ ಆರೋಗ್ಯ ಎಂದು ಮೊದಲನೇ ವರ್ಷವೇ ಕೇಳಿದ್ದೆ. ಮಾವ ಗುದ್ದಲಿ ಊರಿ ನಿಂತು, "ತುಕ್ಕು ಒಳಕ್ಕೆ ತಿಂತಾ ಹೋಯ್ತದೆ, ಬಿಡಲ್ಲ. ಕಿಲುಬು ಹಂಗಲ್ಲ. ಕಂಬಳಿ ಹೊದ್ದಂಗೆ ಮೇಲೆ ಕೂತಿರ್ತದೆ. ನೋಡೋಕೆ ಕೆಟ್ಟದಾಗಿ ಕಾಣ್ತದೆ, ಒಳಗೆ ತಾಮ್ರ ತಾಮ್ರವಾಗೇ ಇರ್ತದೆ" ಎಂದರು. ಡೈರಿಯಲ್ಲಿ ಬರೆದುಕೊಂಡೆ.

ಹಾಗಾದರೆ ಎಲ್ಲರ ಮನೆಗೂ ತಾಮ್ರವನ್ನೇ ಹಾಕಬಹುದಲ್ಲ? ಇಲ್ಲೇ ಇರುವುದು ತೊಡಕು. ತಾಮ್ರವನ್ನು ಮಣ್ಣು ತಿನ್ನುವುದಿಲ್ಲ, ಮನುಷ್ಯ ತಿನ್ನುತ್ತಾನೆ. ತೋಟದ ಪಂಪುಮನೆಯಲ್ಲಿ ತಾಮ್ರದ ಪಟ್ಟಿ ಕಂಡರೆ ಮಾರನೆಯ ದಿನ ಪಟ್ಟಿಯೂ ಇಲ್ಲ, ಅರ್ತಿಂಗೂ ಇಲ್ಲ, ಪಂಪು ಮುಟ್ಟಿದವನಿಗೆ ಕೈಯೂ ಇಲ್ಲ. ಅದಕ್ಕೇ ಯಾವ ಲೋಹ ಎಂಬುದನ್ನು ಅರ್ಧ ಮಣ್ಣನ್ನು ಕೇಳಿ, ಅರ್ಧ ಊರನ್ನು ಕೇಳಿ ತೀರ್ಮಾನಿಸಬೇಕು ಎನ್ನುತ್ತಾರೆ ಮಾವ. ಕಳುವಿನ ಭಯವಿದ್ದ ಕಡೆ ಜಿಐ ಪೈಪೇ ವಾಸಿ. ತಾಮ್ರ ಹಾಕಲೇಬೇಕಾದರೆ ಮೇಲೆ ಕಾಣುವ ಪಟ್ಟಿಗೆ ಬೂದು ಬಣ್ಣ ಬಳಿದು ಬಡ ಕಬ್ಬಿಣದ ವೇಷ ಹಾಕಬೇಕು. ಇನ್ನು ತಾಮ್ರವನ್ನೂ ಜಿಐಯನ್ನೂ ಒಂದೇ ಬೋಲ್ಟಿಗೆ ಬಿಗಿಯುವವರನ್ನು ಕಂಡರಂತೂ ಅವರಿಗೆ ರಕ್ತ ಕುದಿಯುತ್ತದೆ. ಇವೆರಡಕ್ಕೆ ಜಾತಕ ಕೂಡುವುದಿಲ್ಲವಂತೆ. ಒದ್ದೆ ಮಣ್ಣಿನಲ್ಲಿ ಒಟ್ಟಿಗಿಟ್ಟರೆ ತಾಮ್ರ ನೆಮ್ಮದಿಯಾಗಿರುತ್ತದೆ, ಸತು ಸವೆದು ಸಾಯುತ್ತದೆ. "ಎಷ್ಟೋ ಮದುವೆಗಳೂ ಹಂಗೇ" ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಗಡಿಯವನೂ ಅವನ ಹೆಂಡತಿಯೂ ಎದುರಿಗೆ ನಿಂತಿದ್ದಾಗಲೇ ಹೇಳಿ, ನನ್ನ ಕೈಹಿಡಿದು ಹೊರಗೆ ಬಂದಿದ್ದರು.

ಮಾವನ ಮದುವೆಯಾದರೂ ಎಂಥದ್ದು! ಇದು ಅಮ್ಮನೇ ಒಳ್ಳೆಯ ದಿನಗಳಲ್ಲಿ ಹೇಳಿ ಹೇಳಿ ನಗುತ್ತಿದ್ದ ಕಥೆ. ಗಂಡಸಿ ಊರಿಗೆ ಹೆಣ್ಣು ನೋಡಲು ಹೋಗಿದ್ದಾರೆ. ಉಪ್ಪಿಟ್ಟು ಕೇಸರಿಬಾತ್ ಆಗಿದೆ, ಹುಡುಗಿ ಬಂದು ಕೂತಿದ್ದಾಳೆ. ಹುಡುಗ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದರಂತೆ ಹಿರಿಯರು. ಮಾವ ಗಂಟಲು ಸರಿಮಾಡಿಕೊಂಡು ಕೇಳಿದ್ದು, "ನಿಮ್ಮನೇದು ಅರ್ತಿಂಗ್ ಗುಂಡಿ ಎಲ್ಲೈತೆ?" ಹಿರಿಯರು ಮುಖ ಮುಖ ನೋಡಿಕೊಂಡರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹುಡುಗಿ ತಲೆ ಎತ್ತದೆ, "ಹಿತ್ತಲಲ್ಲಿ, ಬಾಳೆಗಿಡದ ಪಕ್ಕ. ನೀರು ನಾನೇ ಹಾಕೋದು" ಎಂದಳು. ಮಾವ ಅಲ್ಲೇ ತಾಂಬೂಲ ಬದಲಾಯಿಸಿಕೊಳ್ಳೋಣ ಎಂದುಬಿಟ್ಟರು. ಇವತ್ತಿನ ನಮ್ಮ ಅತ್ತೆ ಅವರೇ.

ಹಳೇಬೀಡಿನಂಥ ಊರಿನಲ್ಲಿ ವರ್ಷಕ್ಕೊಮ್ಮೆ ನೆಲ ಅಗೆದರೆ ಜನ ಸುಮ್ಮನಿರುತ್ತಾರೆಯೇ? ಒಂದು ಜನವರಿಯಲ್ಲಿ ಪ್ರವಾಸಿಗರ ಬಸ್ಸೊಂದು ಗದ್ದೆಯ ಪಕ್ಕ ಕೆಟ್ಟು ನಿಂತಿತು. ಮಾವ ಮೊಣಕಾಲೂರಿ ಬ್ರಷ್ಷಿನಿಂದ ಮಣ್ಣು ಒರೆಸುತ್ತಿರುವುದನ್ನು ಕಂಡು ಒಬ್ಬೊಬ್ಬರೇ ಇಳಿದು ಬಂದರು. ನಾನು ಎಣಿಸಿದೆ, ಹತ್ತೊಂಬತ್ತು ಜನ. ಎಲ್ಲರ ಕೈಯಲ್ಲೂ ಮೊಬೈಲು. ಮಾವ ಬಹಳ ಜೋಪಾನವಾಗಿ ಮಣ್ಣಿನಿಂದ ಒಂದು ತುಕ್ಕುಹಿಡಿದ ಸರಳು ಎತ್ತಿದರು. ಜನ ಉಸಿರು ಬಿಗಿಹಿಡಿದರು. ಯಾರ ಕಾಲದ್ದು ಸ್ವಾಮಿ ಎಂದು ಹಿರಿಯರೊಬ್ಬರು ಭಕ್ತಿಯಿಂದ ಕೇಳಿದರು. ಮಾವ ಅದನ್ನು ತಿರುಗಿಸಿ ನೋಡಿ ಹೇಳಿದರು, "ಹೋದ ವರ್ಷದ್ದು."

ಅರ್ತಿಂಗ್ ಗುಂಡಿ ಒಣಗಬಾರದು. ಒಣಗಿದರೆ ಎಂಥ ಲೋಹವಿದ್ದರೂ ಕರೆಂಟು ಮಣ್ಣಿಗೆ ಇಳಿಯುವುದಿಲ್ಲ. ಆದರೆ ನೀರು ಹಾಕಿ ಎಂದರೆ ಜನ ಮರೆಯುತ್ತಾರೆ. ಇದಕ್ಕೆ ಮಾವ ಒಂದು ಉಪಾಯ ಹುಡುಕಿದರು. ಸೋಮವಾರಕ್ಕೊಂದು ಕೊಡ ಎಂದರೆ ಸಾಕು, ಶಿವನ ವಾರ, ನಮ್ಮ ಕಡೆಯ ಹೆಂಗಸರು ಮರೆಯುವುದಿಲ್ಲ. ಉಪಾಯ ಫಲಿಸಿತು. ಸ್ವಲ್ಪ ಹೆಚ್ಚಾಗಿಯೇ ಫಲಿಸಿತು! ಹುಲಿಕೆರೆಯ ಒಂದು ಮನೆಗೆ ಹೋಗಿ ನೋಡಿದರೆ, ನೆಲದಿಂದ ಒಂದಡಿ ಮೇಲೆ ನಿಂತ ಪೈಪಿಗೆ ಮೂರು ಪಟ್ಟೆ ವಿಭೂತಿ, ಮೇಲೊಂದು ಕಣಗಿಲೆ ಹೂವು. ಆ ಮನೆಯ ಅಜ್ಜಿ ಸೋಮವಾರ ಸೋಮವಾರ ಮೊಸರು, ಎಳನೀರು, ಜೇನುತುಪ್ಪದ ಅಭಿಷೇಕ ನಡೆಸಿದ್ದಾರೆ. ಹುಳಿ ತಾಗಿ ತಾಗಿ ಸತುವೆಲ್ಲ ಎದ್ದುಹೋಗಿದೆ.

ಮಾವ ಬೈಯಲಿಲ್ಲ. ಚಪ್ಪಲಿ ಬಿಟ್ಟು, ಪೈಪಿಗೆ ಕೈಮುಗಿದು, "ಅಜ್ಜಿ, ಈ ದೇವ್ರಿಗೆ ನೀರು ಬಿಟ್ರೆ ಬೇರೇನೂ ಸೇರಾಕಿಲ್ಲ. ಮೊಸರು ಹಾಕಿದ್ರೆ ಮುನಿಸ್ಕೊಂತದೆ" ಎಂದರು.

"ಮುನಿಸ್ಕೊಂಡ್ರೆ ಏನ್ ಮಾಡ್ತದಪ್ಪ?"

"ಮಿಕ್ಸಿ ಮುಟ್ಟಿದಾಗ ಗೊತ್ತಾಯ್ತದೆ."

ನಮ್ಮ ಮನೆಯ ಗುಂಡಿಗೂ ಸೋಮವಾರಕ್ಕೊಂದು ಕೊಡ ತಪ್ಪದೆ ಬೀಳುತ್ತಿತ್ತು. ಹಾಕುತ್ತಿದ್ದವಳು ಅಮ್ಮ. ಮಾವ ತೋಡಿದ ಗುಂಡಿಗೆ, ಮಾವನ ಮೇಲೆ ಮುನಿದ ಅಮ್ಮ ನೀರು ಹಾಕುವುದೇ? ಅದಕ್ಕೂ ಕಾರಣವಿದೆ. ಆ ಗುಂಡಿ ಜಗಳಕ್ಕಿಂತ ಮುಂಚಿನದು. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಗೆ ಗೀಸರ್ ಬಂದ ವಾರವೇ ನಲ್ಲಿ ಮುಟ್ಟಿದ ಅಮ್ಮನಿಗೆ ಮೊಣಕೈವರೆಗೆ ಜುಮ್ಮೆಂದು ಹೊಡೆಯಿತು. ಬಚ್ಚಲಲ್ಲೇ ಕುಸಿದು ಕೂತಳು. ಮಾವ ಓಡಿಬಂದು ಮನೆ ಕಟ್ಟಿದವರು ಹಾಕಿದ್ದ ಕಬ್ಬಿಣದ ಸರಳು ಎಳೆದರೆ, ಗೇಣುದ್ದ ಕೈಗೆ ಬಂತು, ಉಳಿದದ್ದು ಮಣ್ಣಾಗಿತ್ತು. ಮರುವಾರ ನಾವೆಲ್ಲ ಒಂದು ಮದುವೆಗೆ ಹೋಗಿದ್ದಾಗ ಮಾವ ಒಬ್ಬ ಆಳನ್ನು ಕರೆತಂದು ಬಚ್ಚಲ ಹಿಂದೆ ಹೊಸ ಗುಂಡಿ ತೋಡಿ, ನಾವು ಬರುವಷ್ಟರಲ್ಲಿ ಮುಚ್ಚಿ, ಇಟ್ಟಿಗೆ ಕಟ್ಟೆಯನ್ನೂ ಕಟ್ಟಿದ್ದರು. ಅಂದು ಸಂಜೆ ಹಳೇಬೀಡಿನಿಂದ ಅಜ್ಜಿ ಫೋನು ಮಾಡಿ, "ಆ ಗುಂಡಿಗೆ ಸೋಮವಾರಕ್ಕೊಂದು ಕೊಡ ನೀರು ಹಾಕು ಮಗಳೇ, ಮರೀಬ್ಯಾಡ" ಎಂದಳು. ಮೂರು ತಿಂಗಳಿಗೆ ಅಜ್ಜಿ ಹೋದಳು. ಅಮ್ಮ ಹಾಕುತ್ತಿದ್ದದ್ದು ಅಜ್ಜಿಯ ಮಾತಿಗೆ, ಮಾವನ ಗುಂಡಿಗಲ್ಲ.

ಹಂಡೆಯ ನೆನಪು ಅಮ್ಮನನ್ನು ಹೆಚ್ಚು ಕಾಡುತ್ತಿದ್ದದ್ದು ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬಕ್ಕೆ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬುವ ಸಂಜೆ ಅದು. ಹಂಡೆ ಇಲ್ಲದ ಅಮ್ಮ ಏನು ಮಾಡಬೇಕು? ಸ್ಟೂಲು ಹತ್ತಿ ಗೀಸರಿಗೇ ಪಟ್ಟೆ ಎಳೆದು ಬಳ್ಳಿ ತೊಡಿಸುತ್ತಿದ್ದಳು! ನಮ್ಮ ಗೀಸರಿನಷ್ಟು ಲಕ್ಷಣವಾದ ಗೀಸರು ಅರಸೀಕೆರೆಯಲ್ಲಿ ಇರಲಿಕ್ಕಿಲ್ಲ. ನಾವು ನಗುತ್ತಿದ್ದೆವು, ಅವಳು ನಗುತ್ತಿರಲಿಲ್ಲ. "ಹಂಡೆ ಇದ್ದಿದ್ರೆ" ಎಂದು ಅವಳು ಹೋದ ವರ್ಷ ಆ ಒಂದು ಸಂಜೆ ಹೇಳಿದ್ದು ಹನ್ನೊಂದು ಸಲ.

ಈ ವರ್ಷ ಹಬ್ಬಕ್ಕೆ ಐದು ದಿನವಿದ್ದಾಗ ಹಾಸನದ ಕಡೆಯಿಂದ ಒಬ್ಬ ಅರ್ತಿಂಗ್ ಮಾರುವ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಮೀಟರ್ ಪೆಟ್ಟಿಗೆ. ಇಂಥ ಹಳೆಯ ಗುಂಡಿಗಳ ಕಾಲ ಹೋಯಿತು ಮೇಡಂ, ನಮ್ಮದು ಹಾಕಿಸಿದರೆ ನೀರೂ ಬೇಡ, ಏನೂ ಬೇಡ ಎಂದ. ಅಮ್ಮನಿಗೆ ಬೇಕಾದದ್ದು ಅಷ್ಟೇ. ತಮ್ಮನ ಗುಂಡಿಯನ್ನು ಕಿತ್ತು ಬೇರೆಯವರದನ್ನು ಹಾಕಿಸುವ ಸುಖ! ಹಿತ್ತಲಿಗೆ ಕಲ್ಲು ಹಾಸಲು ಬಂದಿದ್ದ ಗಾರೆಯವರಿಗೇ ಅಗೆಯಲು ಹೇಳಿ, ಈ ಸುದ್ದಿಯನ್ನು ಮಾವನಿಗೆ ಮುಟ್ಟಿಸು ಎಂದಳು. ಮುಟ್ಟಿಸಿದೆ.

 "ಬ್ಯಾಡ ಅಂತ ಹೇಳು" ಎಂದರು ಮಾವ ಫೋನಿನಲ್ಲಿ. ಹೇಳಿದೆ. ಅಮ್ಮ ಯಾಕೆ ಎಂದು ಕೇಳಿಸಿದಳು. "ಸುಮ್ನೆ ಬ್ಯಾಡ ಅಂತ ಹೇಳು." ಅರ್ಧ ಗಂಟೆಯಲ್ಲಿ ಏಳು ಸಲ. ಮೂರು ಊರಿನ ನೆಲವನ್ನು ವರ್ಷ ವರ್ಷ ಅಗೆಯುವ ಮನುಷ್ಯ, ಈ ಒಂದು ಗುಂಡಿಗೆ ಗುದ್ದಲಿ ತಾಗಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಅಮ್ಮನ ಹಟ ಏಳು ಪಟ್ಟಾಯಿತು. ಮಾವ ಸಿಕ್ಕಿದ ಬಸ್ಸು ಹಿಡಿದು ಹೊರಟರು.

ಅವರು ಚೀಲ ಹಿಡಿದು ಹಿತ್ತಲಿಗೆ ಬರುವ ಹೊತ್ತಿಗೆ ಗುಂಡಿ ಆಳುದ್ದ ಆಗಿತ್ತು. ತೇವ ಹಿಡಿದಿಡಲು ತುಂಬಿದ್ದ ಇದ್ದಿಲ ಪುಡಿ ಕೆದರಿದ ಗಾರೆಯವನು ಕೆಳಗಿನಿಂದಲೇ, "ಅಕ್ಕ, ಹಸಿರು ತಗಡು ಐತೆ ಕಣಕ್ಕ. ತಾಮ್ರ ಇದ್ದಂಗೈತೆ. ಮೇಲೆ ಏನೋ ಚುಕ್ಕೆ" ಎಂದ. ಹಗ್ಗ ಕಟ್ಟಿ ಎಳೆದರು. ನೆಲದ ಮೇಲೆ ಮಲಗಿಸಿದರು. ಚೌಕನೆಯ ಹಲಗೆ, ಬಡಿದು ಬಡಿದು ಚಪ್ಪಟೆ ಮಾಡಿದ್ದು, ಒಂದು ಅಂಚಿನಲ್ಲಿ ಇನ್ನೂ ಹೊಟ್ಟೆಯ ಡೊಂಕು ಉಳಿದಿತ್ತು. ಮೇಲೆಲ್ಲ ಕಿಲುಬು. ಅಮ್ಮ ಬಗ್ಗಿ, ಬೆರಳಿನಿಂದ ಚುಕ್ಕೆಗಳನ್ನು ತಡವಿದಳು. ಓದಲಿಲ್ಲ, ತಡವಿದಳು ಅಷ್ಟೇ. ಅವಳಿಗೆ ಓದುವ ಅಗತ್ಯವಿರಲಿಲ್ಲ.

ನನ್ನ ಕಡೆ ತಿರುಗದೆಯೇ ಹೇಳಿದಳು, "ಯಾಕೆ ಹೇಳ್ಲಿಲ್ಲ ಅಂತ ಕೇಳು."

ಮಾವ ಅವಳ ಪಕ್ಕದಲ್ಲೇ ಇದ್ದರು. ಆದರೂ ನನಗೇ ಹೇಳಿದರು. "ನಿಮ್ಮಮ್ಮಂಗೆ ಕರೆಂಟ್ ಹೊಡೀತು ಅಂದಾಗ ಅವ್ವನೇ ಹಂಡೆ ಇಳಿಸು ಅಂದ್ಲು. ದಪ್ಪ ಸಾಲ್ದು ಅಂತ ತಳಾನೂ ಸೇರಿಸಿ ಎರಡು ಪದರ ಬಡಿಸ್ದೆ. ಹೇಳಬ್ಯಾಡ ಕಣೋ, ಹೇಳಿದ್ರೆ ಅಗೆದು ಒಲೆ ಮೇಲೆ ಇಟ್ಕೊಂತಾಳೆ ಅಂದ್ಲು ಅವ್ವ. ಅವಳಿಗೆ ಕೊಡ್ತೀನಿ ಅಂದಿದ್ದೆ, ಕೊಟ್ಟಂಗಾಯ್ತು ಅಂದ್ಲು."

ಈ ಸಂದೇಶವನ್ನು ನಾನು ಸಾಗಿಸಲಿಲ್ಲ. ಸಾಗಿಸುವ ಅಗತ್ಯ ಕಾಣಲಿಲ್ಲ.

ಅಮ್ಮ ಒಳಗೆ ಹೋಗಿ ಹುಣಸೆಹಣ್ಣಿನ ಉಂಡೆ ತಂದಳು. ಮಾವ ಗಾಬರಿಯಾಗಿ, ಕಿಲುಬು ತೆಗೀಬ್ಯಾಡ ಅಂತ ಹೇಳು ಎಂದು ನನಗೆ ಸನ್ನೆ ಮಾಡಿದರು. "ಅವ್ವನ ಹೆಸರಿನಷ್ಟು ಜಾಗ ತಿಕ್ತೀನಿ ಅಂತ ಹೇಳು" ಎಂದಳು ಅಮ್ಮ. ಅಷ್ಟೇ ತಿಕ್ಕಿದಳು. ಹಸಿರಿನ ನಡುವೆ ಅಂಗೈ ಅಗಲ ಕೆಂಪು ತಾಮ್ರ ಬೆಳಗಿತು, ಅದರಲ್ಲಿ ನಂಜಮ್ಮ. ಆಮೇಲೆ ಗಾರೆಯವನಿಗೆ, ಎಲ್ಲಿತ್ತೋ ಅಲ್ಲೇ ಇಡಪ್ಪ ಎಂದಳು. ಮಾವ ಹೊಸ ಇದ್ದಿಲು ತುಂಬಿ, ಪಟ್ಟಿ ಬಿಗಿದರು. ಹಾಸನದ ಯುವಕ ತನ್ನ ಮೀಟರು ಹಚ್ಚಿ ಮುಳ್ಳು ನೋಡಿದ, ಇನ್ನೊಮ್ಮೆ ನೋಡಿದ, ಇದೇ ಇರಲಿ ಮೇಡಂ ಎಂದು ಪೆಟ್ಟಿಗೆ ಮುಚ್ಚಿದ. ಅತ್ತೆಗೆ ಫೋನು ಮಾಡಿ ಹಬ್ಬಕ್ಕೆ ಬರಲು ಹೇಳಿದ್ದು ಅಮ್ಮನೇ. ಮಾವ ಊರಿಗೆ ಹೋಗಲಿಲ್ಲ.

ಆ ರಾತ್ರಿ ನಾನು ಡೈರಿಗಳನ್ನೆಲ್ಲ ತೆಗೆದು, ಗುರುತು ಹಾಕಿಟ್ಟಿದ್ದ ಸೋಮವಾರದ ಕೊಡಗಳನ್ನು ಕೂಡಿದೆ. ಒಂಬತ್ತು ವರ್ಷಕ್ಕೆ ನಾನೂರ ಅರವತ್ತೊಂಬತ್ತು ಸೋಮವಾರ. ಊರಲ್ಲಿಲ್ಲದೆ ತಪ್ಪಿದ್ದು ಇಪ್ಪತ್ಮೂರು. ಉಳಿದ ನಾನೂರ ನಲವತ್ತಾರು ಸೋಮವಾರವೂ, ಹಂಡೆ ಹೋಯಿತು ಎಂದು ಕೊರಗುತ್ತಲೇ, ಅಮ್ಮ ಹುಡುಗಿಯಾಗಿದ್ದಾಗಿನ ಹಾಗೆ ಅದೇ ಹಂಡೆಗೆ ನೀರು ಹಾಕುತ್ತಿದ್ದಳು.

ನೀರು ತುಂಬುವ ಹಬ್ಬದ ಸಂಜೆ ಅವಳು ಸ್ಟೂಲು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಗುಂಡಿಯ ಇಟ್ಟಿಗೆ ಕಟ್ಟೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದಳು, ಹಿಂಡ್ಲೆಕಾಯಿ ಬಳ್ಳಿ ಸುತ್ತಿದಳು, ಮೊದಲ ಕೊಡ ಅಲ್ಲಿಗೇ ಸುರಿದಳು. ಮಾವ ಕಂಬದ ಪಕ್ಕ ನಿಂತು ನೋಡುತ್ತಿದ್ದರು.  

ಮರುದಿನ ಬೆಳಗ್ಗೆ ಅಭ್ಯಂಜನ. ಅಮ್ಮ ಎಣ್ಣೆಬಟ್ಟಲು ಹಿಡಿದು ಬಚ್ಚಲ ಬಾಗಿಲಿಗೆ ಬಂದಳು. ಮಾವ ಹಜಾರದಲ್ಲಿ ಕೂತಿದ್ದರು. ನಾನು ಅಭ್ಯಾಸಬಲದಿಂದ ಇಬ್ಬರ ನಡುವೆ ಹೋಗಿ ನಿಂತೆ. ಅಮ್ಮ ನನ್ನನ್ನು ತೋಳಿನಿಂದ ಆಚೆ ಸರಿಸಿದಳು.

"ಬಾರೋ, ಎಣ್ಣೆ ಹಚ್ತೀನಿ. ನೀರು ಕಾದೈತೆ."

ಅಂದಿನ ಪುಟದಲ್ಲಿ ಸಂದೇಶಗಳ ಅಂಕಣ ಖಾಲಿ ಇದೆ.